ನಮ್ಮ ತಾರಸಿಯ ಅಕ್ಟೋಬರ್ ಮಳೆ

ನಾನು ವಿಜ್ಞಾನಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ರಾಣೆಬೆನ್ನೂರಿನಲ್ಲಿರುವ ನನ್ನ ನೆಂಟರೆಲ್ಲ ತಿರುವನಂತಪುರದಿಂದ ಹಾರುವ ಪ್ರತಿ ರಾಕೆಟ್ಟಿನ ಬಾಲಕ್ಕೂ ಬೆಂಕಿ ಹಚ್ಚುವವನು ನಮ್ಮ ವೀರಭದ್ರನೇ ಎಂದು ಇವತ್ತಿಗೂ ನಂಬಿದ್ದಾರೆ. ನಿಜವಾಗಿ ನಾನು ಅಲ್ಲಿಯ ಬಾಹ್ಯಾಕಾಶ ಸಂಸ್ಥೆಯೊಂದರ ಉಗ್ರಾಣದವನು. ರಾಕೆಟ್ ಹಾರಿಸುವವರಿಗೆ ಪೆನ್ಸಿಲ್ಲು, ರಬ್ಬರು, ಸ್ಟೇಪ್ಲರ್ ಪಿನ್ನು ಕೊಡುವವನು. ಪೆನ್ಸಿಲ್ಲಿಲ್ಲದೆ ಲೆಕ್ಕವಿಲ್ಲ, ಲೆಕ್ಕವಿಲ್ಲದೆ ರಾಕೆಟ್ಟಿಲ್ಲ. ಹಾಗಾಗಿ ನೆಂಟರ ನಂಬಿಕೆಯನ್ನು ನಾನು ಪೂರ್ತಿ ತಳ್ಳಿಹಾಕಿಯೂ ಇಲ್ಲ.

ನನ್ನ ವೈಜ್ಞಾನಿಕ ಮನೋಭಾವವನ್ನು ಒಪ್ಪದ ಏಕೈಕ ವ್ಯಕ್ತಿ ನನ್ನ ಧರ್ಮಪತ್ನಿ ವಸಂತ. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ನಾನು ಹೇಳಿದ್ದರಲ್ಲಿ ಅವಳು ಮರುಮಾತಿಲ್ಲದೆ ನಂಬಿದ್ದು ಒಂದೇ: 'ಹಸಿವಾಗಿದೆ' ಎಂಬುದು.

ಮೊಬೈಲಿಗೆ ಹಾವಿನ ಆಟ ಬಿಟ್ಟು ಬೇರೇನೂ ತಿಳಿಯದಿದ್ದ ಕಾಲ ಅದು. ಆ ವರ್ಷ ನಮ್ಮ ಉಗ್ರಾಣದಲ್ಲಿ ಹಳೆಯ ಸಾಮಾನುಗಳನ್ನು ಹರಾಜು ಹಾಕಿದರು. ಎಲ್ಲರೂ ಕುರ್ಚಿ, ಫ್ಯಾನು ಎಂದು ಮುಗಿಬಿದ್ದರೆ ನಾನೊಂದು ಮಳೆಮಾಪಕ ತಂದೆ. ಹಿತ್ತಾಳೆಯ ಕೊಳವೆ, ಮೇಲೊಂದು ಆಲಿಕೆ, ಒಳಗೆ ಮಿಲಿಮೀಟರಿನ ಗೆರೆ ಎಳೆದ ಗಾಜಿನ ಜಾಡಿ.

"ಇದರಾಗ ಹಾಲು ಕಾಸಾಕ ಬರ್ತೈತೇನು?" ಎಂದಳು ವಸಂತ.

"ಇದು ಮಳಿ ಅಳಿಯೂದು."

"ಮಳಿ ಬಂದ್ರ ಅರಿವಿ ಒಣಗಂಗಿಲ್ಲ, ಬರದಿದ್ರ ಒಣಗತಾವ. ಇದನ್ನ ಅಳ್ಯಾಕ ಹಿತ್ತಾಳಿ ಬೇಕಾ?"

ಇಂಥ ಮಾತಿಗೆಲ್ಲ ಎದೆಗುಂದುವವನು ನಾನಲ್ಲ. ಮಾಪಕವನ್ನು ಬಾಡಿಗೆ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಗಾಳಿಗೆ ಬೀಳದಂಥ ಜಾಗ ನೋಡಿ ಪ್ರತಿಷ್ಠಾಪಿಸಿದೆ. ದಿನಾ ಬೆಳಿಗ್ಗೆ ಏಳಕ್ಕೆ ಅಳತೆ. ಸಂಸ್ಥೆಯ ಗ್ರಂಥಾಲಯದಿಂದ ಮೂವತ್ತು ವರ್ಷಗಳ ಸರಾಸರಿ ಮಳೆಯ ಪಟ್ಟಿ ಬರೆದುಕೊಂಡು ಬಂದೆ. ತಿರುವನಂತಪುರದ ನಮ್ಮ ಕನ್ನಡ ಸಂಘಕ್ಕೊಂದು ಮಾಸಿಕ ಪತ್ರಿಕೆಯಿತ್ತು, ಎಂಟು ಪುಟದ್ದು. ಅದರ ಸಂಪಾದಕಿ ಸುಮಿತ್ರ, ಕಾಸರಗೋಡಿನವರು. "ಆರನೇ ಪುಟ ಖಾಲಿ ಉಂಟು ಮಾರಾಯ್ರೆ, ಎಂತಾದರೂ ಕೊಡಿ" ಎಂದು ಕಂಡವರನ್ನೆಲ್ಲ ಪೀಡಿಸುತ್ತಿದ್ದರು. ನಾನು ಕೊಟ್ಟೆ. 'ಕಳೆದ ತಿಂಗಳ ಹವಾಮಾನ: ಒಂದು ತೌಲನಿಕ ವಿಮರ್ಶೆ'. ಜುಲೈಯಲ್ಲಿ ಸರಾಸರಿಗಿಂತ ಶೇಕಡಾ ಎಂಟು ಕೊರತೆ, ಆಗಸ್ಟಿನಲ್ಲಿ ಶೇಕಡಾ ಹನ್ನೊಂದು ಹೆಚ್ಚಳ ಎಂದು ಸಾಹಿತ್ಯ ವಿಮರ್ಶಕರ ಗತ್ತಿನಲ್ಲಿ ಬರೆದೆ. ('ಆಗಸ್ಟ್ ತಿಂಗಳು ತನ್ನ ಹಿಂದಿನ ಸಾಧನೆಗಳಿಗಿಂತ ಪ್ರೌಢವಾಗಿದೆ' ಎಂಬ ನನ್ನ ವಾಕ್ಯವನ್ನು ಹಲವರು ಮೆಚ್ಚಿದರು. ಹಲವರೆಂದರೆ ಇಬ್ಬರು.)

ಮೂರು ತಿಂಗಳಲ್ಲಿ ನಾನು ಸಂಘದ ಅಧಿಕೃತ ಮಳೆರಾಯನಾದೆ. ಯಾರ ಮನೆಯಲ್ಲಿ ನಾಮಕರಣವಿದ್ದರೂ ನನಗೇ ಫೋನು. ನಾನು ಪಟ್ಟಿ ನೋಡಿ, ಬೆರಳು ಮಡಚಿ, 'ಮಾಡ್ರಿ, ತೊಂದರೆಯಿಲ್ಲ' ಎನ್ನುತ್ತಿದ್ದೆ. ಅದೃಷ್ಟಕ್ಕೆ ತೊಂದರೆಯೂ ಆಗುತ್ತಿರಲಿಲ್ಲ.

ನನ್ನ ವಿಧಾನ ಸರಳ. ಉಗ್ರಾಣದವನಿಗೆ ಲೋಕವೆಲ್ಲ ಉಗ್ರಾಣವೇ. ನಮ್ಮಲ್ಲಿ ಒಬ್ಬ ವಿಜ್ಞಾನಿಗೆ ವರ್ಷಕ್ಕೆ ಹನ್ನೆರಡು ಪೆನ್ಸಿಲ್. ಜೂನಿನಲ್ಲೇ ಹನ್ನೆರಡನ್ನೂ ಮುಗಿಸಿದವನು ಡಿಸೆಂಬರ್ ತನಕ ಪಕ್ಕದ ಮೇಜಿನವನ ಮುಂದೆ ಕೈಯೊಡ್ಡಬೇಕು. ಮೋಡಕ್ಕೇಕೆ ಬೇರೆ ನಿಯಮ? ಸರಾಸರಿ ಎಂದರೆ ಆಕಾಶದ ಕೋಟಾ. ಕೋಟಾ ಮುಗಿದರೆ ಮಳೆ ಮುಗಿಯಿತು, ಬಾಕಿಯಿದ್ದರೆ ಬಂದೇ ತೀರಬೇಕು.

ವಸಂತಳ ಹವಾಮಾನ ಇಲಾಖೆ ಬೇರೆ. ಅದರ ನಿರ್ದೇಶಕಿ ಮೇರಿ. ವಿಳಿಂಜಂನಿಂದ ಮೀನು ಮಾರಲು ಬರುವ ಹೆಂಗಸು. ನಾವು ಮೀನು ತಿನ್ನುವವರಲ್ಲ. ಆದರೂ ಮೇರಿ ದಿನಾ ನಮ್ಮ ಗೇಟಿನ ಹೊರಗೆ ಅಲ್ಯುಮಿನಿಯಂ ಬೋಗುಣಿ ಇಳಿಸಿ, ಮೆಟ್ಟಿಲ ಮೇಲೆ ಕುಳಿತು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುವಳು. ಅವಳ ಗಂಡ ದೋಣಿಯಲ್ಲಿ ಕಡಲಿಗೆ ಹೋಗುವವನು. ಹಾಗಾಗಿ ಮಳೆ, ಗಾಳಿ, ಅಲೆ ಇವೆಲ್ಲ ಅವಳಿಗೆ ಮನೆಮಾತು. ಅವಳು "ಚೇಚಿ, ಇನ್ನ್ ಮಳ ಇಲ್ಲ" ಎಂದರೆ ವಸಂತ ಹಪ್ಪಳ ಹರಡುವಳು. "ಮಳ ವರುಂ" ಎಂದರೆ ಕೊಡೆ ತೆಗೆಯುವಳು. ಮೂವತ್ತು ವರ್ಷದ ಸರಾಸರಿ ಮನೆಯೊಳಗೇ ಇರುವಾಗ ಒಂದು ಲೋಟ ಮಜ್ಜಿಗೆಗೆ ಹವಾಮಾನ ಕೊಳ್ಳುವುದು ನನಗೆ ಅವಮಾನವೆನಿಸುತ್ತಿತ್ತು.

ಹೀಗಿರುವಾಗ ಅಕ್ಟೋಬರ್ ಬಂತು.

ಅಕ್ಟೋಬರಿನಲ್ಲಿ ನನ್ನ ಮಾಪಕ ಹುಚ್ಚೆದ್ದು ತುಂಬತೊಡಗಿತು. ಒಂದು ದಿನ ಹದಿನೆಂಟು ಮಿಲಿಮೀಟರ್, ಮರುದಿನ ಇಪ್ಪತ್ತೆರಡು, ಅದರ ಮರುದಿನ ಹದಿನಾರು. ಎಷ್ಟೋ ಸಲ ಅಂಗಳ ಒಣಗಿರುತ್ತಿತ್ತು, ಮಾಪಕ ಮಾತ್ರ ತುಂಬಿರುತ್ತಿತ್ತು. ನಾನು ಮಲಗಿದ್ದಾಗ ಬಿದ್ದು, ಏಳುವುದರೊಳಗೆ ಇಂಗಿರಬೇಕು. ಹನ್ನೊಂದು ವರ್ಷದ ಮಗಳು ಮಹತಿ ಒಂದು ದಿನ ನನ್ನ ಜೊತೆ ತಾರಸಿಗೆ ಬಂದವಳು ಸುತ್ತ ನೋಡಿ, "ಅಪ್ಪಾ, ಮಳ ಎವಿಡೆ?" ಎಂದಳು. ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದರೂ ಮಲಯಾಳದಲ್ಲಿ ಉತ್ತರಿಸುತ್ತಾಳೆ. "ಮಳೆ ಎಲ್ಲಿ ಅಂತ ಕೇಳಬಾರದು ಮಗಳೇ, ಎಷ್ಟು ಅಂತ ಕೇಳಬೇಕು. ಅದೇ ವಿಜ್ಞಾನ" ಎಂದೆ.

ತಿಂಗಳ ಕೊನೆಗೆ ಒಟ್ಟು ಆರುನೂರ ಹನ್ನೆರಡು ಮಿಲಿಮೀಟರ್. ನನ್ನ ಪಟ್ಟಿಯ ಸರಾಸರಿ ಸುಮಾರು ಇನ್ನೂರ ಎಪ್ಪತ್ತು. ನನಗೆ ಮೊದಲು ನೆನಪಾದವನು ಕಾಶೀನಾಥ. ವಸಂತಳ ಅಣ್ಣ, ಇರುವುದು ಕೊಚ್ಚಿಯ ಎಡಪ್ಪಳ್ಳಿಯಲ್ಲಿ. ಮಟ್ಟಾಂಚೇರಿಯ ಗೋದಾಮಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಕೊಚ್ಚಿಯ ಮಳೆಯನ್ನು ತಾನೇ ಸುರಿಸುವವನಂತೆ ಮಾತಾಡುತ್ತಾನೆ. ಫೋನ್ ಮಾಡಿದೆ.

"ಅಳಿಯಂದ್ರ, ನಿಮ್ಮೂರಾಗ ಬರೂದು ಮಳಿಯಲ್ರಿ, ಅದು ಆಕಾಶದ ಜೊಲ್ಲು" ಎಂದು ಎಂದಿನಂತೆ ಶುರುಮಾಡಿದ.

"ಆರುನೂರ ಹನ್ನೆರಡು" ಎಂದೆ.

ಹದಿನಾಲ್ಕು ವರ್ಷದಲ್ಲಿ ಕಾಶೀನಾಥನ ದನಿ ಇಳಿದದ್ದು ಅದೇ ಮೊದಲು. ಮೆಲ್ಲಗೆ, "ನಮ್ಮಲ್ಲಿ ಅದರ ಅರ್ಧಾನೂ ಆಗಿಲ್ಲಲ್ರಿ" ಎಂದ. ಆ ರಾತ್ರಿ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅದೇ ಹೊತ್ತಿಗೆ ರಾಜ್ಯೋತ್ಸವ ಬಂತು. ನವೆಂಬರ್ ಒಂದನೇ ತಾರೀಕು ವಾರದ ನಡುವೆ ಬಿದ್ದದ್ದರಿಂದ ಸಂಘ ಆಚರಣೆಯನ್ನು ಭಾನುವಾರಕ್ಕೆ ಇಟ್ಟುಕೊಂಡಿತ್ತು. ಸಮುದಾಯ ಭವನ ಗೊತ್ತಾಗಿತ್ತು. ಆದರೆ ಅದರಲ್ಲಿ ನೂರು ಕುರ್ಚಿ, ಬರುವವರು ನೂರೈವತ್ತು. ಅಧ್ಯಕ್ಷ ಓಂಕಾರಪ್ಪನವರು ದಾವಣಗೆರೆಯವರು, ನಿವೃತ್ತ ಅಧಿಕಾರಿ. ಪ್ರತಿ ವರ್ಷ ಇಪ್ಪತ್ತನಾಲ್ಕು ಪುಟದ ಭಾಷಣ ಬರೆದುಕೊಂಡು ಬಂದು ಒಂದು ಪುಟವನ್ನೂ ಬಿಡದೆ, ಪುಟಕ್ಕೆ ಹತ್ತು ನಿಮಿಷದಂತೆ ಓದುವವರು. ಸಭೆಯಲ್ಲಿ ಅವರು ನನ್ನ ಕಡೆ ತಿರುಗಿದರು.

"ವೀರಭದ್ರ ಅವ್ರೇ, ಮಾವಿನ ಮರದ ಮೈದಾನದಾಗೆ ಇಟ್ಕಂಡ್ರೆ ಹೆಂಗೆ? ಮಳೆ ಗಿಳೆ ಬಂದೀತಾ?"

ನಾನು ಎದ್ದು ನಿಂತೆ. "ಸರ್, ಅಕ್ಟೋಬರಿನಲ್ಲಿ ಆಕಾಶ ತನ್ನ ಕೋಟಾದ ಎರಡು ಪಟ್ಟಿಗಿಂತ ಹೆಚ್ಚು ಖರ್ಚು ಮಾಡಿದೆ. ಅಂದರೆ ನವೆಂಬರಿನ ಪಾಲನ್ನೂ ಮುಂಗಡ ಎತ್ತಿಕೊಂಡಿದೆ. ಇನ್ನು ಕೊಡಬೇಕೆಂದರೂ ಅದರ ಬಳಿ ದಾಸ್ತಾನಿಲ್ಲ."

ಚಪ್ಪಾಳೆ ಬಿತ್ತು. ಭವನ ಬಿಟ್ಟುಕೊಟ್ಟೆವು, ಮೈದಾನ ಹಿಡಿದೆವು. ಊಟದ ವಿಭಾಗ ಮಹಿಳೆಯರದು. ವಸಂತ ಇನ್ನೂರು ಖಡಕ್ ರೊಟ್ಟಿಯ ಹೊಣೆ ಹೊತ್ತಳು. ಖಡಕ್ ರೊಟ್ಟಿಗೆ ತೇವ ತಾಗಿದರೆ ಅದು ರೊಟ್ಟಿಯಲ್ಲ, ಕರವಸ್ತ್ರ. ಆದ್ದರಿಂದ ಅವಳು ಮನೆಗೆ ಬಂದವಳೇ ಕೇಳಿದಳು.

"ಖರೇನ ಮಳಿ ಬರಂಗಿಲ್ಲೇನ್ರಿ?"

"ದಾಸ್ತಾನೇ ಇಲ್ಲ ಅಂದ್ನೆಲ್ಲ."

"ಮೇರಿನ್ನ ಕೇಳ್ತೀನಿ."

"ಕೇಳು. ಹಂಗ ನಮ್ಮ ಸಂಸ್ಥೆಯವರಿಗೂ ಹೇಳ್ತೀನಿ, ಮುಂದಿನ ರಾಕೆಟ್ ಯಾವಾಗ ಬಿಡಬೇಕಂತ ಮೇರಿನ್ನ ಕೇಳ್ರಿ ಅಂತ!"

ಗುರುವಾರ ಬೆಳಿಗ್ಗೆ ಎಂದಿಗಿಂತ ಅರ್ಧ ಗಂಟೆ ಮೊದಲೇ ತಾರಸಿ ಹತ್ತಿದೆ. ಆಕಾಶದಲ್ಲಿ ಒಂದು ಮೋಡವಿಲ್ಲ. ಎಳೆ ಬಿಸಿಲು ತೆಂಗಿನ ಗರಿಗಳ ಮೇಲೆ ಮಿರುಗುತ್ತಿದೆ. ನನ್ನ ಮಾಪಕದೊಳಕ್ಕೆ ಮಾತ್ರ ಮಳೆ ಬೀಳುತ್ತಿದೆ.

ಮೊದಲ ಕ್ಷಣ ನನಗೆ ಭಕ್ತಿ ಉಕ್ಕಿತು. ಎರಡನೇ ಕ್ಷಣ ತಲೆ ಎತ್ತಿದೆ. ಟ್ಯಾಂಕು ತುಂಬಿ, ಮೇಲಿನ ಸಣ್ಣ ಕೊಳವೆಯಿಂದ ನೀರು ಚಿಮ್ಮಿ, ತುಂತುರಾಗಿ ನೇರ ನನ್ನ ಆಲಿಕೆಗೆ ಬೀಳುತ್ತಿತ್ತು. ಕೆಳಗಿನಿಂದ ವಸಂತಳ ಧ್ವನಿ ಕೇಳಿತು.

"ಮೋಟರ್ ಆರಸ್ರೀ! ಟಾಕಿ ತುಂಬಿ ಹರ್ಯಾಕ ಹತ್ತೈತಿ! ಒಂದು ತಿಂಗಳಾತು, ದಿನಾ ಹೇಳಾಕತ್ತೀನಿ, ಚಾಲೂ ಮಾಡ್ತೀರಿ, ಮರೀತೀರಿ!"

ಬೆಳಿಗ್ಗೆ ಐದೂವರೆಗೆ ಮೋಟರ್ ಹಾಕುವುದು ಅಕ್ಟೋಬರಿನಿಂದ ನನಗೆ ವಹಿಸಿದ್ದ, ಮನೆಯಲ್ಲಿ ನನ್ನ ಏಕೈಕ ಕರ್ತವ್ಯ. ಹಾಕಿ ಮತ್ತೆ ಮಲಗುವುದು ನನ್ನ ಏಕೈಕ ಸುಖ.

ಕೆಳಗಿಳಿದು ಮೋಟರ್ ಆರಿಸಿದೆ. ಹಾಗಾದರೆ ನಿಜವಾದ ಮಳೆ ಎಷ್ಟು? ಅಡಿಗೆಮನೆಗೆ ಹೋಗಿ ಕ್ಯಾಲೆಂಡರ್ ನೋಡಿದೆ. ಬಟ್ಟೆ ಒಣಗದ ದಿನಕ್ಕೆ ವಸಂತ ಸೊನ್ನೆ ಹಾಕುತ್ತಾಳೆ. ಅಕ್ಟೋಬರಿನಲ್ಲಿ ಆರೇ ಸೊನ್ನೆ. ಆ ಆರು ದಿನಗಳ ಅಳತೆಯಲ್ಲಿ ಟ್ಯಾಂಕಿನ ಕಾಣಿಕೆಯನ್ನು ಅಂದಾಜಿನ ಮೇಲೆ ಕಳೆದರೆ ಉಳಿದದ್ದು ತೊಂಬತ್ತು ಮಿಲಿಮೀಟರ್. ಅಯ್ಯೋ ಶಿವನೇ! ಆಕಾಶ ಖರ್ಚೇ ಮಾಡಿಲ್ಲ! ಅಕ್ಟೋಬರಿನ ನೂರ ಎಂಬತ್ತು ಹಾಗೇ ಬಾಕಿ, ಮೇಲೆ ನವೆಂಬರಿನದು ಪೂರ್ತಿ. ಇಷ್ಟು ದಾಸ್ತಾನು ಹೊತ್ತ ಆಕಾಶ ಭಾನುವಾರ ಸುಮ್ಮನಿದ್ದೀತೇ? ಇನ್ನೂರು ರೊಟ್ಟಿ, ನೂರೈವತ್ತು ಕನ್ನಡಿಗರು, ಇಪ್ಪತ್ತನಾಲ್ಕು ಪುಟದ ಭಾಷಣ ಎಲ್ಲ ಒಂದೇ ಕೆಸರಿನಲ್ಲಿ ತೇಲುವುದು ಕಣ್ಣಿಗೆ ಕಟ್ಟಿತು.

ನಿಜ ಒಪ್ಪಿಕೊಳ್ಳಬಹುದಿತ್ತು. 'ಒಂದು ತಿಂಗಳು ನಾನು ವಿಮರ್ಶಿಸಿದ್ದು ಕೊಳಾಯಿ ನೀರನ್ನು' ಎಂದು ಹೇಳಬಹುದಿತ್ತು. ಆದರೆ ಆರನೇ ಪುಟ ಆಗಲೇ ಅಚ್ಚಿಗೆ ಹೋಗಿತ್ತು, ಕಾಶೀನಾಥ ಆಗಲೇ ಸೋತಿದ್ದ. ನಾನು ಓಂಕಾರಪ್ಪನವರ ಮನೆಗೆ ಓಡಿ, "ಸರ್, ಸಮುದ್ರದ ಕಡೆಯಿಂದ ಹೊಸ ದಾಸ್ತಾನು ಬರುವ ಸೂಚನೆ ಇದೆ. ಮೈದಾನ ಬೇಡ" ಎಂದೆ.

"ಮೊನ್ನೆ ದಾಸ್ತಾನಿಲ್ಲ ಅಂದ್ರಲ್ಲಪ್ಪಾ?"

"ವಿಜ್ಞಾನ ನಿಂತ ನೀರಲ್ಲ ಸರ್." (ಹರಿಯುವ ನೀರು. ಟ್ಯಾಂಕಿನಿಂದ. ಇದನ್ನು ಹೇಳಲಿಲ್ಲ.)

ಸಮುದಾಯ ಭವನ ಅಷ್ಟರಲ್ಲಿ ಮದುವೆಯೊಂದಕ್ಕೆ ಹೋಗಿತ್ತು. ಊರೆಲ್ಲ ಅಲೆದು ಕೊನೆಗೆ ಸಿಕ್ಕಿದ್ದು ಅದೇ ಮೈದಾನದ ಪಕ್ಕದ ಟ್ಯೂಷನ್ ಕಟ್ಟಡದ ಮಹಡಿ. ಉದ್ದನೆಯ ಕೋಣೆ, ಮೂರು ಫ್ಯಾನು, ಮೇಲೆ ತಗಡಿನ ಸೂರು. ಸಂಜೆ ವಸಂತ ಇಷ್ಟೇ ಕೇಳಿದಳು.

"ಮೇರಿ ಏನಂದ್ಲು ಗೊತ್ತೈತೇನ್ರಿ?"

"ನನಗ ಬ್ಯಾಡ" ಎಂದೆ, ಖಡಕ್ಕಾಗಿ.

"ಆತು" ಎಂದು ರೊಟ್ಟಿ ಬಡಿಯಲು ಹೋದಳು.

ಭಾನುವಾರ ಸೂರ್ಯ ಹುಟ್ಟಿದ ರೀತಿ ನೋಡಿದರೆ ಅವನಿಗೆ ನನ್ನ ಮೇಲೆ ವೈಯಕ್ತಿಕ ದ್ವೇಷವಿದ್ದಂತಿತ್ತು. ಹನ್ನೊಂದರ ಹೊತ್ತಿಗೆ ತಗಡಿನ ಸೂರಿನ ಕೆಳಗೆ ನೂರೈವತ್ತು ಜನ ಇಡ್ಲಿಗಳಂತೆ ಬೇಯುತ್ತಿದ್ದರು. ಹಚ್ಚೇವು ದೀಪ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮೂರು ಫ್ಯಾನೂ ನಿಂತವು. ಸುಮಿತ್ರ ಕಾರ್ಯಕ್ರಮದ ಪಟ್ಟಿಯಿಂದ ಗಾಳಿ ಬೀಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ಮಳೆ ಎಷ್ಟು ಗಂಟೆಗೆ ಬರುವುದು ಮಾರಾಯ್ರೆ? ಬೇಗ ಬರ್ಲಿಕ್ಕೆ ಹೇಳಿ. ನಾವು ಸಾಯುದ್ರೊಳಗೆ."

ಅದಕ್ಕಿಂತ ದೊಡ್ಡ ಹೊಡೆತ ಕಿಟಕಿಯ ಹೊರಗಿತ್ತು. ಕನ್ನಡನಾಡು ಹುಟ್ಟಿದ ದಿನವೇ ಕೇರಳವೂ ಹುಟ್ಟಿದ್ದು. ನಾವು ಬಿಟ್ಟುಕೊಟ್ಟ ಮೈದಾನವನ್ನು ಅಲ್ಲಿಯ ನಿವಾಸಿಗಳ ಸಂಘದವರು ತಾವೂ ಭಾನುವಾರಕ್ಕೇ ಇಟ್ಟುಕೊಂಡಿದ್ದ ಕೇರಳಪ್ಪಿರವಿ ಹಬ್ಬಕ್ಕೆ ಹಿಡಿದುಬಿಟ್ಟಿದ್ದರು. ಮಾವಿನ ಮರದ ನೆರಳು, ಕಡಲಗಾಳಿ, ಉದ್ದಕ್ಕೆ ಬಾಳೆಲೆ, ಅಡಪ್ರಥಮನ್ ಪಾಯಸದ ಘಮ. ಮಧ್ಯಾಹ್ನ ಒಂದರ ಸುಮಾರಿಗೆ ಓಂಕಾರಪ್ಪನವರು ಮೊದಲ ಪುಟ ತಿರುಗಿಸುವಾಗ ನಮ್ಮ ಹಿಂದಿನ ಸಾಲು ಖಾಲಿಯಾಗಿತ್ತು. ಮೂರನೇ ಪುಟಕ್ಕೆ ಮಕ್ಕಳೆಲ್ಲ ಹೋದರು. ಮಹತಿ ಮುಂದಾಳು. ಐದನೇ ಪುಟಕ್ಕೆ ಮಹಿಳಾ ವಿಭಾಗ ರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿಯ ಪಾತ್ರೆ ಸಮೇತ ಮೆಟ್ಟಿಲಿಳಿಯಿತು. ವಸಂತ ನನ್ನ ಭುಜ ಮುಟ್ಟಿ ಪಿಸುಗುಟ್ಟಿದಳು.

"ಬರ್ರಿ, ಅವರ ಕರದಾರ. ರೊಟ್ಟಿಗೆ ಪಾಯಸ ಬದಲಿ."

"ಅಧ್ಯಕ್ಷರು ಮಾತಾಡಾಕತ್ತಾರ. ಎಲ್ಲಾರೂ ಎದ್ರ ಹ್ಯಾಂಗ? ಇಲ್ಲಿಗೆ ತಂದಾವ ನಾನು."

"ಹಂಗಾರ ಕುಂದರ್ರಿ" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ರೊಟ್ಟಿಯನ್ನು ನನ್ನ ಕೈಗಿಟ್ಟು ಹೋದಳು.

ಹತ್ತನೇ ಪುಟಕ್ಕೆ ಕೋಣೆಯಲ್ಲಿ ಉಳಿದವರು ಇಬ್ಬರೇ. ಓದುವವರು ಓಂಕಾರಪ್ಪ, ಕೇಳುವವನು ನಾನು. ಕೆಳಗೆ ಕನ್ನಡಿಗರೂ ಮಲಯಾಳಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು; ನಮ್ಮ ರೊಟ್ಟಿಯನ್ನು ಹಪ್ಪಳವೆಂದು ತಿಳಿದ ಒಬ್ಬ ಅಜ್ಜನಿಗೆ ವಸಂತ ತಿನ್ನುವ ಕ್ರಮ ಕಲಿಸುತ್ತಿದ್ದಳು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಆದರೂ ನಾನು ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದೆ. ಓಂಕಾರಪ್ಪನವರೂ ನೂರೈವತ್ತು ಜನಕ್ಕೆಂದು ಬರೆದದ್ದನ್ನು ನನ್ನೊಬ್ಬನ ಕಣ್ಣಲ್ಲಿ ಕಣ್ಣಿಟ್ಟು ಓದತೊಡಗಿದರು.

ಮೂರೂಕಾಲಿಗೆ ಕಿಟಕಿಯಿಂದ ನೋಡುತ್ತೇನೆ, ಕೆಳಗೆ ಎಲ್ಲರೂ ಪಾತ್ರೆ ಕಟ್ಟುತ್ತಿದ್ದಾರೆ, ಶಾಮಿಯಾನ ಬಿಚ್ಚುತ್ತಿದ್ದಾರೆ. ಹತ್ತೇ ನಿಮಿಷದಲ್ಲಿ ಮೈದಾನ ಬರಿದು. ಸರಿಯಾಗಿ ನಾಲ್ಕಕ್ಕೆ, ಹದಿನೇಳನೇ ಪುಟದ ನಡುವೆ, ಮೋಡ ಬಂದು ಬಾಯಿ ತೆರೆಯಿತು.

ತಗಡಿನ ಮೇಲೆ ಬೀಳುವ ಮಳೆ ಏನೆಂದು ಕೇಳಿದವರಿಗೇ ಗೊತ್ತು. ಸಾವಿರ ಡೊಳ್ಳು ಒಟ್ಟಿಗೆ ಬಡಿದ ಹಾಗೆ. ಓಂಕಾರಪ್ಪನವರ ತುಟಿ ಆಡುವುದು ಕಾಣುತ್ತಿತ್ತು, ಅಷ್ಟೆ. ನಾನು ತಲೆಯಾಡಿಸುತ್ತಲೇ ಹೋದೆ. ಅವರು ಕಣ್ಣೊರೆಸಿಕೊಂಡಾಗ ನಾನೂ ಒರೆಸಿಕೊಂಡೆ. ಅವರು ಕೈಮುಗಿದಾಗ ಭಾಷಣ ಮುಗಿಯಿತೆಂದು ತಿಳಿದು ಒಬ್ಬನೇ ಚಪ್ಪಾಳೆ ತಟ್ಟಿದೆ. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಅಧ್ಯಕ್ಷರೂ ನಾನೂ ಕನ್ನಡ ಬಾವುಟವನ್ನೇ ತಲೆಯ ಮೇಲೆ ಹಿಡಿಯುವುದು ಸರಿಯಲ್ಲವೆಂದು ಅದನ್ನು ಮಡಚಿ ಅಂಗಿಯೊಳಗಿಟ್ಟುಕೊಂಡು, ನೆನೆಯುತ್ತಲೇ ನಮ್ಮ ನಮ್ಮ ಮನೆ ಸೇರಿದೆವು.

ವಸಂತ ಬಾಗಿಲು ತೆಗೆದಳು. ಒಣಗಿದ ಸೀರೆ, ಒಣಗಿದ ಮಗಳು, ಒಣಗಿದ ಬುಟ್ಟಿ.

"ನಾಕ್ ಗಂಟೆಗೆ ಮಳಿ ಅಂತ ಮೇರಿ ಗುರುವಾರನ ಹೇಳಿದ್ಲು. ಎಲ್ಲಾರಿಗೂ ಹೇಳಿ ಮನಿಗೆ ಕಳಿಸಿದ್ನಿ. ನಿಮಗೂ ಹೇಳಾಕ ಬಂದಿದ್ನಿ, 'ನನಗ ಬ್ಯಾಡ' ಅಂದ್ರಿ" ಎಂದು ಟವೆಲ್ ಕೊಟ್ಟಳು. ತಲೆ ಒರೆಸಿಕೊಳ್ಳುತ್ತಾ ನಾನು ಟ್ಯಾಂಕಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ನಗಲಿಲ್ಲ. ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಪಾತ್ರೆಗಳೆಲ್ಲ ಅಲುಗಿದವು.

ಮೂರು ದಿನದ ಮೇಲೆ ಸುಮಿತ್ರ ಫೋನ್ ಮಾಡಿದರು. "ವೀರಭದ್ರರೇ, ಮುಂದಿನ ಸಂಚಿಕೆಯ ಆರನೇ ಪುಟಕ್ಕೆ ಹವಾಮಾನ ಬೇಡ. ಅಧ್ಯಕ್ಷರ ಭಾಷಣದ ಸಾರಾಂಶ ಬೇಕು. ಅವರ ಕೈಬರಹ ಮಳೆಗೆ ನೆನೆದು ಇಂಕೆಲ್ಲ ಹರಿದು ಹೋಗಿದೆಯಂತೆ. ಪೂರ್ತಿ ಕೇಳಿದವರು ಭೂಮಿ ಮೇಲೆ ನೀವೊಬ್ಬರೇ ಇರುವುದು."

ಹದಿನೇಳನೇ ಪುಟದಿಂದಾಚೆ ನಾನು ಕೇಳಿದ್ದು ತಗಡನ್ನು ಮಾತ್ರ. ಅದಕ್ಕೂ ಮುಂಚೆ ಕೇಳಿದ್ದು ನನ್ನ ಹೊಟ್ಟೆಯನ್ನು. ಓಂಕಾರಪ್ಪನವರೋ, 'ಅವರು ಒಂದೊಂದು ಮಾತಿಗೂ ತಲೆದೂಗ್ಯಾರೆ, ಅವರೇ ಬರೀಲಿ' ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರಂತೆ. ಇದು ಹೊರಬಿದ್ದರೆ ಆ ಹಿರಿಯರ ಎದೆ ಒಡೆದೀತು.

"ಏನ್ ಮಾಡ್ಲಿ?" ಎಂದು ಮೊದಲ ಸಲ ಹೆಂಡತಿಯನ್ನು ಕೇಳಿದೆ.

ಅವಳು ಅವರೆಕಾಳು ಸುಲಿಯುತ್ತಲೇ ಹೇಳಿದಳು. "ಸಂಘದ ಹಳೇ ಪತ್ರಿಕೆ ಹತ್ತು ವರ್ಷದ್ದು ಅಟ್ಟದ ಮ್ಯಾಲ ಅದಾವ. ಹತ್ತೂ ಭಾಷಣ ತಗೀರಿ. ಸರಾಸರಿ ಹಾಕ್ರಿ."

ಹಾಕಿದೆ. ತಾಯಿನುಡಿ ಹನ್ನೆರಡು ಸಲ, ಕಾವೇರಿ ನಾಲ್ಕು ಸಲ, ಇಂದಿನ ಯುವಕರು ಏಳು ಸಲ, 'ಕೊನೆಯದಾಗಿ' ಒಂಬತ್ತು ಸಲ. ಎರಡು ಪುಟ ಬರೆದು ಕಳಿಸಿದೆ.

ಪತ್ರಿಕೆ ಬಂದ ಸಂಜೆಯೇ ಓಂಕಾರಪ್ಪನವರು ಮನೆಗೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. "ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಮ್ಮಿ ಇಲ್ಲ ಕಣಪ್ಪಾ. ಇಪ್ಪತ್ತು ವರ್ಷದಾಗೆ ನನ್ನ ಮಾತು ಪೂರ್ತಿ ಕೇಳಿದೋರು ನೀವೊಬ್ರೇ" ಎಂದರು. ನಾನು ವಸಂತಳ ಕಡೆ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

"ನನ್ನ ಆತ್ಮಕಥೆ ಬರೀತಾ ಇದೀನಿ. ಆರುನೂರು ಪುಟ ಆಗೈತೆ" ಎಂದು ಅವರು ಮುಂದುವರಿಸಿದರು. "ಯಾರಿಗೂ ಓದಿ ತೋರಿಸಿಲ್ಲ. ಇನ್ಮೇಲೆ ಪ್ರತಿ ಭಾನುವಾರ ಇಲ್ಲೇ ಬಂದು ನಿಮಗೆ ಓದ್ತೀನಿ."

"ಅಗದಿ ಚಲೋ ಆತ್ರಿ ಸರ್" ಎಂದಳು ವಸಂತ, ಚಹಾ ಮುಂದಿಡುತ್ತಾ. "ಇವರು ಭಾನುವಾರ ಖಾಲಿನ ಇರ್ತಾರ."

ಮೊದಲ ಭಾನುವಾರ ಅವಳು ಮಹತಿಯನ್ನು ಕರೆದುಕೊಂಡು ಬೆಳಗಿನ ರೈಲಿಗೇ ಕೊಚ್ಚಿಯ ಅಣ್ಣನ ಮನೆಗೆ ಹೋದಳು. ಓಂಕಾರಪ್ಪನವರು ಹತ್ತಕ್ಕೆ ಬಂದು, ಕನ್ನಡಕ ಒರೆಸಿ, ಮೊದಲ ಅಧ್ಯಾಯ ತೆಗೆದರು. 'ನನ್ನ ಜನನಕ್ಕೆ ಮುಂಚೆ' ಎಂದಿತ್ತು. ಹನ್ನೊಂದರ ಹೊತ್ತಿಗೆ ಕಿಟಕಿಯಾಚೆ ಕಪ್ಪು ಮೋಡ ಕವಿದು ಮಳೆ ಸುರಿಯತೊಡಗಿತು, ಆ ದಿನದ್ದಕ್ಕಿಂತಲೂ ಜೋರಾಗಿ. ನಾನು ಆಸೆಯಿಂದ ತಲೆ ಎತ್ತಿ ನೋಡಿದೆ. ನಮ್ಮದು ಕಾಂಕ್ರೀಟಿನ ತಾರಸಿ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು.